ಗುರುವಾರ ಮಧ್ಯಾಹ್ನದ ಹೊಳೆ

ನಮ್ಮೂರಿನ ಹೊಳೆ ದಿನಾ ಬರುವುದಿಲ್ಲ. ಬಂದರೆ ಬೆಳಗಿನ ಹೊತ್ತು, ಕೆಳಬೀದಿಯ ಮೂಡಣ ತುದಿಯಿಂದ, ಕರೆಯದೆ ಬಂದ ನೆಂಟರ ಹಾಗೆ ಸದ್ದಿಲ್ಲದೆ ಒಳಗೆ ಬರುತ್ತದೆ. ಒಮ್ಮೊಮ್ಮೆ ಪಾದ ಮುಳುಗುವಷ್ಟು, ಒಮ್ಮೊಮ್ಮೆ ಕಿಟಕಿಯವರೆಗೆ. ಮಳೆಗೂ ಅದಕ್ಕೂ ಸಂಬಂಧವಿಲ್ಲ. ಬಿರುಬೇಸಿಗೆಯಲ್ಲಿ ಬಂದು ವಾರಗಟ್ಟಲೆ ಠಿಕಾಣಿ ಹೂಡಿದ್ದೂ ಉಂಟು, ಶ್ರಾವಣವೆಲ್ಲ ಮುಖ ತೋರಿಸದೆ ಇದ್ದದ್ದೂ ಉಂಟು. ಹಾಗಾಗಿ ಕೆಳಬೀದಿಯ ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಕಬ್ಬಿಣದ ಬಳೆ ಇರುತ್ತದೆ. ಹೊಳೆ ಬಂದ ದಿನ ಅದಕ್ಕೆ ದೋಣಿ ಕಟ್ಟುತ್ತಾರೆ, ಬಾರದ ದಿನ ಆಡು ಕಟ್ಟುತ್ತಾರೆ. ಮಕ್ಕಳ ಪಾಟಿಚೀಲದಲ್ಲಿ ಒಂದು ಜೊತೆ ಒಣಬಟ್ಟೆ ಇಟ್ಟು ಕಳಿಸುತ್ತಾರೆ. ಮದುವೆಯ ಲಗ್ನಪತ್ರಿಕೆಯ ಕೆಳಗೆ ‘ಹೊಳೆ ಬಂದಲ್ಲಿ ಮೇಲ್ಬೀದಿಯ ಛತ್ರದಲ್ಲಿ’ ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಇದರಲ್ಲಿ ಸೋಜಿಗಪಡುವಂಥದ್ದು ನಮಗೇನೂ ಕಂಡಿಲ್ಲ.

ಈ ಕೆಳಬೀದಿಯಲ್ಲಿ ನನ್ನ ತಮ್ಮ ಇರಸಂಗಪ್ಪ ಹಲ್ಲಿನ ಸೆಟ್ಟು ಮಾಡುತ್ತಿದ್ದ. ಬಾಯಿ ಬೋಳಾದವರೆಲ್ಲ ನಮ್ಮ ಪಡಸಾಲೆಗೆ ಬರುತ್ತಿದ್ದರು. ಅವನು ಒಸಡಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಬಾಯಿಯ ಪಡಿಯಚ್ಚು ಎರೆಯುತ್ತಿದ್ದ. ಅದರ ಮೇಲೆ ಮೇಣದ ಕಟ್ಟೆ ಕಟ್ಟಿ ಒಂದೊಂದೇ ಹಲ್ಲು ಕೂರಿಸುವ ಕೆಲಸ ನನ್ನದು. ಆಮೇಲೆ ಮೇಣ ಕರಗಿಸಿ, ಗುಲಾಬಿ ಬಣ್ಣದ ರಾಳ ತುಂಬಿ, ಬೇಯಿಸಿ, ಉಜ್ಜಿ ಹೊಳಪು ಕೊಡುವುದು ಮತ್ತೆ ಅವನದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ನನಗೆ ಅವನೇ ಈ ಕೆಲಸ ಕಲಿಸಿದ್ದ. ಅವನಿಗೆ ನಲವತ್ತರ ಹತ್ತಿರ ವಯಸ್ಸು, ಇನ್ನೂ ಮದುವೆಯಾಗಿರಲಿಲ್ಲ. ಕೆಳಬೀದಿಯ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಮೇಲ್ಬೀದಿಯಲ್ಲಿ ಒಂದು ಸಣ್ಣ ಜಾಗ ಹಿಡಿದಿದ್ದೆವು. ಹೊಳೆ ಅಲ್ಲಿಗೆ ಹತ್ತುವುದಿಲ್ಲ. ಅಲ್ಲೊಂದು ಮನೆ ಎದ್ದರೆ ಸಾಕು, ಪ್ಲಾಸ್ಟರು ಒಣಗಿರುತ್ತದೆ, ಮನೆಗೊಬ್ಬಳು ಹೆಂಡತಿ ಬರುತ್ತಾಳೆ ಎನ್ನುವುದು ನಮ್ಮ ಲೆಕ್ಕ.

ಪ್ಲಾಸ್ಟರಿಗೆ ನೀರೇ ಶತ್ರು. ಹೊಳೆ ಬಂದಾಗೆಲ್ಲ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಿದ್ದೆವು. ಆದರೂ ತೇವ ಹತ್ತಿ, ಪುಡಿ ಹೆಂಟೆ ಕಟ್ಟಿ, ಎಷ್ಟೋ ಸಲ ಚೀಲಗಟ್ಟಲೆ ಹಾಳಾಗುತ್ತಿತ್ತು. ಒಂದು ದಿನ ಹಾಗೆ ಹಾಳಾದ ಚೀಲವನ್ನು ಬೀದಿಗೆ ಸುರಿಯುತ್ತಿದ್ದಾಗ ಎತ್ತಿನ ಬಂಡಿಯ ಮೌಲಾಸಾಬ ಬಂದು ನಿಂತ. ಹೊಳೆ ಇಲ್ಲದ ದಿನ ಊರಿನ ಸರಕನ್ನೆಲ್ಲ ಸಾಗಿಸುವವನು ಅವನೇ. ಹೊಳೆ ಬಂದ ದಿನ ಅವನ ಬಂಡಿಗಳು ಸುಮ್ಮನೆ ನಿಲ್ಲುತ್ತವೆ.

“ಇರಸಂಗಪ್ಪಾ, ಚೀಟಿ ತಗೊಳ್ಳೋದಿಲ್ಲೇನ್ ನೀ?” ಎಂದ.

“ಅದು ರೊಕ್ಕಸ್ಥರ ಆಟ ಅಲ್ಲೇನೋ?”

“ಯಾವನಂದ? ನಮ್ಮಜ್ಜ, ದೋಣಿ ಹುಚ್ಚಪ್ಪನ ಅಜ್ಜ ಇಬ್ಬರೂ ಕೂಡಿ ಚಾಲೂ ಮಾಡಿದ್ದದು. ಹೊಳಿ ಬಂದ್ರ ದೋಣಿಯವ ಬಂಡಿಯವಗ ಇಷ್ಟು ಕೊಡಬೇಕು, ಬರದಿದ್ರ ಬಂಡಿಯವ ದೋಣಿಯವಗ ಕೊಡಬೇಕು ಅಂತ ಮೊದಲ ಮಾತಾಡಿಕೊಂಡಿದ್ರು. ಇಬ್ಬರ ಮನ್ಯಾಗೂ ಒಲಿ ಆರಬಾರ್ದು ಅಂತ. ಈಗ ಅದಕ್ಕ ಕಟ್ಟಡ ಆಗೈತಿ, ಕಂಪ್ಯೂಟರ್ ಬಂದೈತಿ, ಅಷ್ಟ.”

ಚೀಟಿಯ ಹದ ಅವನೇ ತಿಳಿಸಿ ಹೇಳಿದ. ಚೀಟಿ ಕೊಳ್ಳುವ, ಮಾರುವ ಹೊಳೆಪೇಟೆಯ ಕಟ್ಟಡದ ಮುಂದೆ ಒಂದು ಅಳತೆಗಂಬವಿದೆ. ತಿಂಗಳ ಕಡೆಯ ಗುರುವಾರ ಮಧ್ಯಾಹ್ನ ಸರಿಯಾಗಿ ನೀರು ಆ ಕಂಬದಲ್ಲಿ ಎಷ್ಟು ಗೇಣು ಇರುತ್ತದೋ ಅದೇ ಆ ತಿಂಗಳ ಲೆಕ್ಕ. “ನೀ ಈಗ ಸ್ವಲ್ಪ ರೊಕ್ಕ ಕೊಟ್ಟು ಎಂಟು ಗೇಣಿನ ಚೀಟಿ ತಗೋ. ಆ ದಿನ ನೀರು ಎಂಟು ದಾಟಿದ್ರ, ದಾಟಿದ ಒಂದೊಂದು ಗೇಣಿಗೂ ನಿನಗ ರೊಕ್ಕ. ದಾಟಲಿಲ್ಲಾ, ಕೊಟ್ಟಿದ್ದು ಹೋತು. ಅದರ ಮ್ಯಾಲ ಒಂದು ಪೈಸಾ ಯಾರೂ ಕೇಳೂದಿಲ್ಲ.”

“ನೀ ತಗೊಂಡದ್ದು ಹೋದ್ರ ಬ್ಯಾಸರ ಆಗೂದಿಲ್ಲೇನು?” ನಾನು ಕೇಳಿದೆ.

“ಚೀಟಿ ಸತ್ತದ್ದು ಅಂದ್ರ ಹೊಳಿ ಬಂದಿಲ್ಲ ಅಂತ ಅಕ್ಕಾರ. ಬಂಡಿ ಓಡ್ಯಾವು. ನನಗ ಸತ್ತ ಚೀಟೀನ ಸುಖ” ಎಂದು ಮೌಲಾಸಾಬ ನಕ್ಕು ಹೋದ.

ಇರಸಂಗಪ್ಪ ಒಂದು ಚೀಟಿ ಕೊಂಡ. ಆ ತಿಂಗಳ ಕಡೆಯ ಗುರುವಾರ ಹೊಳೆ ನಮ್ಮ ಕಿಟಕಿಗೆ ಬಂತು. ನಾವು ಅಟ್ಟದ ಮೇಲೆ ಕೂತಿದ್ದೆವು. ಕೆಳಗೆ ನಮ್ಮ ಮಣೆ, ಚೆಂಬು, ಒಂದು ಜೊತೆ ಚಪ್ಪಲಿ ತೇಲುತ್ತಿದ್ದವು. ಅವನ ಫೋನು ಒಮ್ಮೆ ಸದ್ದು ಮಾಡಿತು. ಅವನು ನೋಡಿದ, ಮತ್ತೆ ನೋಡಿದ, ಫೋನನ್ನು ನನ್ನ ಕೈಗಿಟ್ಟ. ನಾವಿಬ್ಬರೂ ಅರ್ಧ ವರ್ಷ ಹಲ್ಲು ಕಟ್ಟಿ ಗಳಿಸುವಷ್ಟು ಹಣ ಬಂದಿತ್ತು. ಹಾಳಾದ ಪ್ಲಾಸ್ಟರಿನ ಬೆಲೆ ಅದರ ಒಂದು ಮೂಲೆಗೂ ಬರುತ್ತಿರಲಿಲ್ಲ.

“ಅಕ್ಕಾ, ಪ್ಲಾಸ್ಟರ್ ಹೋದ್ರೂ ಚಿಂತಿಲ್ಲ ಇನ್ನ” ಎಂದ. ಅವನ ಮುಖ ನೋಡಿ ನನಗೂ ನಗು ಬಂತು. ಹೊಳೆ ಬಂದ ದಿನ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಮೌಲಾಸಾಬನಂತೆ ಅವನೂ ತಿಂಗಳಿಗೊಂದು ಚೀಟಿ ಕೊಂಡು ಸುಮ್ಮನಿದ್ದಿದ್ದರೆ ನಾನು ಈ ಕಥೆ ಹೇಳಬೇಕಾಗುತ್ತಿರಲಿಲ್ಲ. ಆದರೆ ಒಂದು ಚೀಟಿಗೆ ಇಷ್ಟು ಬಂದರೆ ಹತ್ತು ಚೀಟಿಗೆ ಎಷ್ಟು ಎಂಬ ಪ್ರಶ್ನೆ ಅವನ ತಲೆ ಹೊಕ್ಕಿತು. ಮುಂದಿನ ತಿಂಗಳು ಹತ್ತು ಕೊಂಡ. ಹೊಳೆ ಬುಧವಾರ ಬಂದು ಗುರುವಾರ ಬೆಳಗಾಗುವುದರೊಳಗೆ ಹೊರಟುಹೋಯಿತು. ಅದರ ಮುಂದಿನ ತಿಂಗಳು ಬಂತು, ಆದರೆ ಏಳು ಗೇಣಿಗೇ ನಿಂತಿತು. ಹೊಳೆ ಬರುತ್ತದೆ ಎಂದು ತಿಳಿದಿದ್ದರೆ ಸಾಲದು, ಯಾವತ್ತು ಬರುತ್ತದೆ, ಎಷ್ಟು ಬರುತ್ತದೆ ಎಂದೂ ತಿಳಿದಿರಬೇಕು. ಅದನ್ನು ಕಲಿಯಬೇಕು ಎಂದು ಅವನು ತೀರ್ಮಾನಿಸಿದ. ಕಲಿಸುವವರೂ ಊರಲ್ಲಿ ಆಗಲೇ ಬಂದು ಕೂತಿದ್ದರು.

ಮೇಲ್ಬೀದಿಯ ಹಳೆಯ ಸೀಮೆಎಣ್ಣೆ ಡಿಪೋದಲ್ಲಿ ರೇವಣಕರ ಸರ್ ಎಂಬವರ ತರಗತಿ ನಡೆಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ, ಎಂಥ ದಡ್ಡ ಪ್ರಶ್ನೆ ಕೇಳಿದರೂ “ಬಹಳ ಒಳ್ಳೆ ಪ್ರಶ್ನಾ ಕೇಳಿದ್ರಿ” ಎನ್ನುವ ಅಭ್ಯಾಸ. ಮೊದಲ ದಿನ ತಮ್ಮ ನನ್ನನ್ನೂ ಕರೆದುಕೊಂಡು ಹೋಗಿದ್ದ. ಗೋಡೆಯ ಮೇಲೆ ಹೊಳೆಯ ಏರಿಳಿತದ ಚಿತ್ರ, ಕೆಂಪು ಹಸಿರು ಕಡ್ಡಿಗಳಲ್ಲಿ. ಇಲ್ಲಿ ಹೊಳೆಗೆ ಬೆಂಬಲವಿದೆ, ಇಲ್ಲಿ ತಡೆಯಿದೆ ಎಂದು ಅವರು ಕೋಲಿನಿಂದ ತೋರಿಸಿದರು. ಹುಟ್ಟಿದಾಗಿನಿಂದ ಆ ಹೊಳೆಯ ಕೆಸರು ಬಳಿಯುತ್ತ ಬಂದ ನನಗೆ, ಅದಕ್ಕೆ ಬೆಂಬಲ ಕೊಡುವವರು ಯಾರು, ತಡೆಯುವವರು ಯಾರು ಎಂದು ತಿಳಿಯಲಿಲ್ಲ. ತಮ್ಮ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಪಕ್ಕದಲ್ಲಿ ದರ್ಜಿ ಇದ್ದ, ಅಂಚೆ ಹಂಚುವವನಿದ್ದ, ಹೂ ಮಾರುವ ಇಬ್ಬರು ಹೆಂಗಸರಿದ್ದರು. ಎಲ್ಲರೂ ಕೆಳಬೀದಿಯವರೇ.

ಆಮೇಲಿನ ದಿನಗಳಲ್ಲಿ ಅವನು ಕಲಿತದ್ದನ್ನೆಲ್ಲ ನನಗೆ ಹೇಳುತ್ತಿದ್ದ. ನಾನು ಮೇಣ ಕಾಯಿಸುತ್ತ ಹೂಂಗುಟ್ಟುತ್ತಿದ್ದೆ. ಫ್ಯೂಚರ್ ಎಂದರೆ ಹಕ್ಕಲ್ಲ, ಕರಾರು, ಹೊಳೆ ಹೇಗೆ ತಿರುಗಿದರೂ ನಿನ್ನನ್ನು ಎಳೆದುಕೊಂಡು ಹೋಗುತ್ತದೆ. ಆಪ್ಶನ್ ಎಂದರೆ ಹಕ್ಕು, ನಮ್ಮ ಚೀಟಿ ಅದೇ. ಆ ಹಕ್ಕಿಗೆ ಕೊಡುವುದು ಪ್ರೀಮಿಯಂ. ಆ ಪ್ರೀಮಿಯಂ ದಿನಾ ಕರಗುತ್ತದೆ, ಹೊಳೆ ಬರಲಿ ಬಿಡಲಿ. ಕಡೆಯ ಗುರುವಾರಕ್ಕೆ ಎಕ್ಸ್‌ಪೈರಿ ಎನ್ನುತ್ತಾರೆ, ಅಂದು ಚೀಟಿಯ ಆಯುಷ್ಯ ಮುಗಿಯುತ್ತದೆ. ಫ್ಯೂಚರ್‌ಗೆ ಒಂದೇ ಒಂದು ಸಲ ಕೈ ಹಾಕಿ, ಬೆಳಿಗ್ಗೆ ಏರಿ ಸಂಜೆ ಇಳಿದ ಹೊಳೆಯಲ್ಲಿ ಎರಡೂ ಕಡೆ ಪೆಟ್ಟು ತಿಂದ. ಮತ್ತೆ ಚೀಟಿ ಕೊಳ್ಳಲು ನಿಂತ. ವರ್ಷ ತುಂಬುವಷ್ಟರಲ್ಲಿ ಮೊದಲು ಬಂದ ಹಣವೆಲ್ಲ ಹೋಗಿ, ಅದರ ಹಿಂದೆ ನಮ್ಮದೂ ಒಂದಿಷ್ಟು ಹೋಗಿತ್ತು.

ಆಗಲಾದರೂ ನಿಲ್ಲಿಸುತ್ತಾನೆ ಎಂದುಕೊಂಡೆ. ಅವನು ಒಂದು ಸಂಜೆ ತರಗತಿಯಿಂದ ಕುಣಿಯುತ್ತ ಬಂದ.

“ಅಕ್ಕಾ, ಇಷ್ಟ ದಿನಾ ನಾ ತಪ್ಪು ಕಡೆ ಕೂತಿದ್ದೆ. ಚೀಟಿ ಕೊಳ್ಳಾವ್ರು ಕಳಕೊಳ್ತಾರ. ಆ ರೊಕ್ಕ ಎಲ್ಲಿ ಹೋಗ್ತೈತಿ ಹೇಳು?”

“ಎಲ್ಲಿ?”

“ಮಾರಾವ್ರಿಗೆ. ಹೊಳಿ ಹತ್ತು ಗೇಣು ದಾಟೂದು ವರ್ಷಕ್ಕ ಒಂದ ಸಲ, ಅದೂ ಗುರುವಾರ ಬರಬೇಕು. ನಾ ಹತ್ತು ಗೇಣಿನ ಚೀಟಿ ಮಾರ್ತೇನಿ. ಪ್ರೀಮಿಯಂ ಕೈಯಾಗ ಬರ್ತೈತಿ. ಸುಮ್ಮ ಕೂತ್ರ ಸಾಕು, ದಿನಾ ಕರಗಿದ್ದೆಲ್ಲಾ ನಂದ.”

“ಆ ಒಂದ ಸಲ ಬಂದ್ರ?”

“ಬರೋ ಮೊದಲ ಹೊರಗ ಬಂದ್ಬಿಡೂದು. ಸ್ಟಾಪ್‌ಲಾಸ್ ಅಂತಾರ ಅದಕ್ಕ” ಎಂದ, ಹೊಳೆ ಹೇಳಿ ಕಳಿಸಿ ಬರುತ್ತದೆ ಎನ್ನುವಂತೆ.

ಅದು ನಡೆಯಿತು. ತಿಂಗಳ ಮೇಲೆ ತಿಂಗಳು ನಡೆಯಿತು. ನಾನು ನಂಬದೆ ಇದ್ದವಳು ನಂಬಿದೆ. ಗುರುವಾರ ಮಧ್ಯಾಹ್ನ ಕಂಬದ ಹತ್ತಿರ ಹೋಗಿ, ನಾಲ್ಕೋ ಐದೋ ಗೇಣು ನೀರು ನೋಡಿ, ಒದ್ದೆ ಪಂಚೆಯಲ್ಲೇ ಜಿಲೇಬಿ ಕಟ್ಟಿಸಿಕೊಂಡು ಬರುತ್ತಿದ್ದ. ಮೇಲ್ಬೀದಿಯ ಜಾಗಕ್ಕೆ ತಳಪಾಯ ಹಾಕಿಸಿದ. ಬೀದಿಯ ಜನ ಅವನನ್ನು ನಿಲ್ಲಿಸಿ “ಈ ತಿಂಗಳ ಹೆಂಗರೀ?” ಎಂದು ಕೇಳತೊಡಗಿದರು. ಒಮ್ಮೆ ದರ್ಜಿ ಪುಕ್ಕಟೆ ಅಂಗಿ ಹೊಲಿದುಕೊಟ್ಟ. ಇಷ್ಟು ವರ್ಷ ಬೇರೆಯವರ ಬಾಯೊಳಗೆ ಇಣುಕಿ ಬದುಕಿದವನನ್ನು ಈಗ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದರ ರುಚಿ ಜಿಲೇಬಿಗಿಂತ ಹೆಚ್ಚಿತ್ತು ಎಂದು ಕಾಣುತ್ತದೆ.

ಹಲ್ಲಿನ ಕೆಲಸ ಹಿಂದೆ ಬಿತ್ತು. ಅಚ್ಚು ತೆಗೆಯುವಾಗಲೂ ಅವನ ಒಂದು ಕಣ್ಣು ಫೋನಿನ ಮೇಲೆ. ನಾನು ಮೇಣದಲ್ಲಿ ಹಲ್ಲು ಕೂರಿಸಿ ಸಾಲಾಗಿ ಇಡುತ್ತಿದ್ದೆ, ರಾಳ ತುಂಬಿ ಬೇಯಿಸುವವನಿಗೆ ಪುರುಸೊತ್ತಿಲ್ಲ. ತಂಗೆವ್ವ ಎಂಬ ಮುದುಕಿ ಹಿಂದಿನ ಓಣಿಯಿಂದ ಕೋಲೂರಿಕೊಂಡು ಮತ್ತೆ ಮತ್ತೆ ಬರುತ್ತಿದ್ದಳು. ಸೆಟ್ಟಿನ ಹಣವನ್ನು ಪೂರ್ತಿಯಾಗಿ ಮೊದಲೇ ಕೊಟ್ಟವಳು.

“ತಮ್ಮಾ, ಹಲ್ಲು ಯಾವಾಗ ಕೊಡ್ತಿ? ರೊಟ್ಟಿ ಕಡದು ಎಷ್ಟು ದಿನಾ ಆತೋ ನನಗ. ಗಂಜಿ ಕುಡುದು ಕುಡುದು ನಾಲಿಗಿ ಸತ್ತೈತಿ.”

“ಈ ಎಕ್ಸ್‌ಪೈರಿ ಮುಗೀಲಿ ಯವ್ವಾ, ಕೂಡಲೆ ಕೊಡ್ತೇನಿ.”

ತಂಗೆವ್ವ ಹೊರಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿದಳು. “ಯಾರಿಗವ್ವಾ ಆರಾಮಿಲ್ಲ? ಯಾರದೋ ಮುಗೀಲಿ ಅಂತಾನ?”

ನಾನು ನಕ್ಕೆ. ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಅಂದೇ ಅವನೊಂದಿಗೆ ಜಗಳವಾಡಿದೆ. ಮುದುಕಿಯ ಸೆಟ್ಟು ಮುಗಿಸಿ ಕೊಡು, ಆಮೇಲೆ ನಿನ್ನ ಹೊಳೆ ನೋಡಿಕೋ ಎಂದೆ. ಅವನು ಹೂಂ ಎಂದ. ಆದರೆ ಅದೇ ತಿಂಗಳು ಅವನು ಹಿಂದೆಂದೂ ಮಾರದಷ್ಟು ಚೀಟಿ ಮಾರಿದ್ದ. ಗೋಡೆ ಏಳಿಸಲು ಹಣ ಬೇಕಿತ್ತು. ಹೊಳೆ ಎರಡು ಗೇಣಿನಲ್ಲಿ ಮಲಗಿತ್ತು. ಹತ್ತು ಗೇಣಿನ ಚೀಟಿಗೆ ಬೆಲೆಯೇ ಬರುತ್ತಿರಲಿಲ್ಲ, ಹಾಗಾಗಿ ರಾಶಿ ಮಾರಬೇಕಾಯಿತು ಎಂದು ಆಮೇಲೆ ತಿಳಿಯಿತು.

ಕಡೆಯ ವಾರದ ಸೋಮವಾರ ಹೊಳೆ ಏಳು ಗೇಣು ಬಂತು. ನಾವು ಅಟ್ಟಕ್ಕೆ ಸಾಮಾನು ಏರಿಸಿದೆವು. ಮಂಗಳವಾರ ಒಂಬತ್ತಾಯಿತು. ಅಂದು ಮಧ್ಯಾಹ್ನ ಹೊಳೆಪೇಟೆಯ ದಲ್ಲಾಳಿ ಕಚೇರಿಯ ಹುಡುಗಿಯೊಬ್ಬಳು ಫೋನು ಮಾಡಿದಳು. ಮಾರ್ಜಿನ್ ಸಾಲದು, ತುಂಬಿಸಬೇಕು. ಚೀಟಿ ಮಾರಿದವನು ಸೋತರೆ ಕೊಡಬಲ್ಲ ಎಂದು ತೋರಿಸಲು ಇಡಬೇಕಾದ ಹಣ ಅದು. ನೀರು ಏರಿದಂತೆ ಅದೂ ಏರುತ್ತದೆ.

“ಈಗ ಹೊರಗ ಬಾ. ಸ್ಟಾಪ್‌ಲಾಸ್ ಅಂದಿದ್ದಿಯಲ್ಲ?” ಎಂದೆ.

“ಹೊರಗ ಬರಬೇಕಂದ್ರ ಮಾರಿದ ಚೀಟಿ ನಾನ ತಿರುಗಿ ಕೊಳ್ಳಬೇಕು ಅಕ್ಕಾ. ಇಪ್ಪತ್ತು ಪಟ್ಟು ಆಗೈತಿ ರೇಟು.” ಅವನು ಚೀಲದಿಂದ ಒಂದು ಕಾಗದ ತೆಗೆದ. “ಗುರುವಾರ ಮಧ್ಯಾಹ್ನ ಇಳೀತೈತಿ. ನನಗ ಗೊತ್ತೈತಿ. ಮಂಗಳವಾರ ಏರಿದ ಹೊಳಿ ಗುರುವಾರಕ್ಕ ನಿಂತದ್ದಿಲ್ಲ. ಎಲ್ಲಾ ತಿಂಗಳದೂ ನೋಡೇನಿ. ಜಾಗದ್ದೊಂದು ಸಹಿ ಹಾಕು. ಎರಡ ದಿನದ ಮಾತು.”

ಮೇಲ್ಬೀದಿಯ ಜಾಗ ಇಬ್ಬರ ಹೆಸರಿನಲ್ಲಿತ್ತು. ಮೊಣಕಾಲುದ್ದದ ನೀರಿನಲ್ಲಿ ನಿಂತು, ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದೆ. ಹಾಕದಿದ್ದರೆ ಅಂದೇ ಎಲ್ಲ ಹೋಗುತ್ತಿತ್ತು, ಹಾಕಿದರೆ ಉಳಿಯಬಹುದಿತ್ತು. ಅವನು ಸಂಜೆ ದೋಣಿಯಲ್ಲಿ ಹೋಗಿ ಅದನ್ನು ಒತ್ತೆ ಇಟ್ಟು ಬಂದ.

ಬುಧವಾರ ಬೆಳಿಗ್ಗೆ ನೀರು ಕಿಟಕಿ ದಾಟಿತು. ನಾನು ಅಟ್ಟದ ಏಣಿಯ ಮೇಲೆ ಮೇಣದ ತಟ್ಟೆಗಳನ್ನು ಹಿಡಿದು ನಿಂತಿದ್ದೆ. ಅವನು ಎದೆಮಟ್ಟದ ನೀರಿನಲ್ಲಿ, ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಸಿಗ್ನಲ್ ಸಿಗುವ ಮೂಲೆಗೆ ಹೋಗಿದ್ದ. ಸ್ಪೀಕರಿನಲ್ಲಿ ಅದೇ ಹುಡುಗಿಯ ದನಿ, ಒಂದಿಷ್ಟೂ ಏರದೆ ಇಳಿಯದೆ.

“ಸರ್, ಮಾರ್ಜಿನ್ ಮತ್ತ ಕಡಿಮಿ ಬಿದ್ದೈತ್ರಿ. ಹನ್ನೊಂದರೊಳಗ ತುಂಬಿಸಬೇಕಾಗ್ತೈತಿ.”

“ನಿನ್ನೆ ಜಾಗ ಇಟ್ಟೇನಲ್ಲವಾ!”

“ಅದನ್ನೂ ಹಿಡದ ಹೇಳಾಕತ್ತೇನ್ರಿ ಸರ್.”

“ನಾಳಿ ಮಧ್ಯಾಹ್ನದ ತನಕ ತಡೀರಿ. ಒಂದ ದಿನಾ. ಹೊಳಿ ಇಳೀತೈತಿ, ಬರದಿಟ್ಕೋ ನೀ.”

“ನಂದೇನೂ ಇಲ್ರಿ ಸರ್. ತುಂಬಿಸದಿದ್ರ ಸಿಸ್ಟಮ್ ತಾನ ಕಟ್ ಮಾಡ್ತೈತಿ. ಇನ್ನೇನರ ಸಹಾಯ ಬೇಕೇನ್ರಿ?”

ಅವನು ರೇವಣಕರ ಸರ್‌ಗೆ ಫೋನು ಹಚ್ಚಿದ. ಎತ್ತಲಿಲ್ಲ. ದರ್ಜಿಗೆ ಹಚ್ಚಿದ. ದರ್ಜಿಯೂ ಅದೇ ಚೀಟಿ ಮಾರಿ ಅದೇ ನೀರಿನಲ್ಲಿ ನಿಂತಿದ್ದ. ಆಮೇಲೆ ನನ್ನ ಕಡೆ ನೋಡಿದ, ನನ್ನ ಹತ್ತಿರ ಇನ್ನೂ ಏನಾದರೂ ಇದೆಯೇ ಎನ್ನುವಂತೆ. ನನ್ನ ಕೈಯಲ್ಲಿ ಮೇಣಕ್ಕೆ ಅಂಟಿದ ಹಲ್ಲುಗಳಿದ್ದವು.

ಹನ್ನೊಂದು ಗಂಟೆಗೆ ಹೊಳೆ ಹನ್ನೆರಡು ಗೇಣು ಇದ್ದಾಗ, ಚೀಟಿಯ ಬೆಲೆ ತುತ್ತತುದಿಯಲ್ಲಿದ್ದಾಗ, ಅವನು ಮಾರಿದ್ದನ್ನೆಲ್ಲ ಯಂತ್ರವೇ ತಿರುಗಿ ಕೊಂಡು ಖಾತೆ ಮುಚ್ಚಿತು. ಫೋನು ಸದ್ದು ಮಾಡಿತು. ಈ ಸಲ ಅವನು ಒಂದೇ ಸಲ ನೋಡಿದ.

ಗುರುವಾರ ಬೆಳಿಗ್ಗೆ ಎದ್ದಾಗ ನೀರು ಇಳಿಯುತ್ತಿತ್ತು. ಗೋಡೆಯ ಮೇಲೆ ಒದ್ದೆ ಗೆರೆ ಕೆಳಗೆ ಕೆಳಗೆ ಬರುವುದನ್ನು ಅವನು ಅಟ್ಟದ ಅಂಚಿಗೆ ಕೂತು ನೋಡಿದ. ನಾನು ಹೋಗಬೇಡ ಎಂದರೂ ಕೇಳದೆ ಕಂಬದ ಹತ್ತಿರ ಹೋದ. ನಾನೂ ಹಿಂದೆ ಹೋದೆ. ಮಧ್ಯಾಹ್ನ ಗಂಟೆ ಬಾರಿಸಿದಾಗ ಕಂಬದಲ್ಲಿ ಆರು ಗೇಣು ನೀರಿತ್ತು. ಅವನು ಮಾರಿದ್ದ ಹತ್ತು ಗೇಣಿನ ಚೀಟಿಗಳೆಲ್ಲ ಆ ಕ್ಷಣಕ್ಕೆ ಬರೀ ಕಾಗದ. ಒಂದು ದಿನ ತಡೆದಿದ್ದರೆ ಒಂದು ಪೈಸೆಯೂ ಕೊಡಬೇಕಿರಲಿಲ್ಲ. ಸುತ್ತ ನಿಂತವರಲ್ಲಿ ಮೌಲಾಸಾಬನೂ ಇದ್ದ. ತನ್ನ ಚೀಟಿ ಸತ್ತಿದ್ದಕ್ಕೆ, ಹೊಳೆ ಇಳಿದದ್ದಕ್ಕೆ ಅವನಿಗೆ ಎಂದಿನಂತೆ ಸಮಾಧಾನವಾಗಿರಬೇಕು. ನಮ್ಮನ್ನು ನೋಡಿದ ಮೇಲೆ ಆ ಮುಖ ಬದಲಾಯಿತು.

“ನಾ ಹೇಳಿದ್ದೆ,” ಎಂದ ಇರಸಂಗಪ್ಪ, ಯಾರಿಗೆ ಎಂದಿಲ್ಲ. “ಇಳೀತೈತಿ ಅಂತ ಹೇಳಿದ್ದೆ. ನಾ ತಪ್ಪಿರಲಿಲ್ಲ.”

ಲೆಕ್ಕ ತಪ್ಪಿ ಸೋತಿದ್ದರೆ ವಾಸಿಯಾಗುತ್ತಿದ್ದನೋ ಏನೋ. ತಾನು ಹೇಳಿದ್ದು ಸರಿಯಾಗಿತ್ತು ಎನ್ನುವುದೇ ಅವನಿಗೆ ರೋಗವಾಯಿತು.

ಜಾಗ ಹೋಯಿತು. ಹಲ್ಲಿಗೆ ಮುಂಗಡ ಕೊಟ್ಟವರು ಒಬ್ಬೊಬ್ಬರಾಗಿ ಬಂದರು. ಬೇಯಿಸುವ ಭರಣಿ, ಒತ್ತುವ ಯಂತ್ರ, ಉಜ್ಜುವ ಮೋಟಾರು ಮಾರಿ ಅವರಿಗೆ ಕೊಟ್ಟೆವು. ತಂಗೆವ್ವ ಬರಲಿಲ್ಲ. ಬಂದದ್ದು ಅವಳ ಮಗ, ಕೆಂಪುಗಣ್ಣಿನ ದೊಡ್ಡಾಳು. ನಾನು ಹಣದ ಮಾತು ಎತ್ತಿದೆ.

“ರೊಕ್ಕ ಬ್ಯಾಡ್ರಿ,” ಎಂದ. “ಅವ್ವ ಬೆಳಿಗ್ಗೆ ಹೋದ್ಲು. ಸ್ನಾನಾ ಮಾಡಿಸಿ ಕುಂದರಿಸೇವಿ. ಬಾಯಿ ಒಳಗ ಹೋಗಿ ಮಾರಿ ಅವ್ವನ್ನ ಹಂಗ ಕಾಣವಲ್ದು. ಜನಾ ನೋಡಾಕ ಬರ್ತಾರ. ಆಕೀ ಹಲ್ಲು ಆಗಿದ್ರ ಕೊಡ್ರಿ.”

ಆಗಿರಲಿಲ್ಲ. ಮೇಣದಲ್ಲಿ ಕೂತ ಹಲ್ಲು ಮಾತ್ರ ಇತ್ತು. ಅದನ್ನು ರಾಳಕ್ಕೆ ಇಳಿಸಲು ಮನೆಯಲ್ಲಿ ಒಂದು ಸಲಕರಣೆಯೂ ಉಳಿದಿರಲಿಲ್ಲ. ಇರಸಂಗಪ್ಪ ಎದ್ದು ಆ ಮೇಣದ ಸೆಟ್ಟನ್ನೇ ತಣ್ಣೀರಿನ ಬಟ್ಟಲಲ್ಲಿ ಇಟ್ಟುಕೊಂಡು ಹೊರಟ. ನಾನೂ ಹಿಂದೆ ಹೋದೆ. ಭಜನೆಯವರ ನಡುವೆ, ಗೋಡೆಗೊರಗಿ ಕೂತಿದ್ದ ತಂಗೆವ್ವನ ಮುಂದೆ ಮಂಡಿಯೂರಿ, ಅವಳ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿ, ಮೇಲಿನದು, ಕೆಳಗಿನದು ಕೂರಿಸಿದ. ಅವನ ಕೈಗೆ ಹಳೆಯ ಹದ ಹಾಗೇ ಇತ್ತು. ಕೆನ್ನೆ ತುಂಬಿ ಮುದುಕಿ ಇನ್ನೇನು ಮಾತಾಡುತ್ತಾಳೆ ಎನ್ನುವಂತಾಯಿತು. ಹೆಣ್ಣುಮಕ್ಕಳು ಗೋಳೋ ಎಂದರು. ಮಗ ಇರಸಂಗಪ್ಪನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಬಿಸಿಲು ಏರುವುದರೊಳಗೆ ಮಣ್ಣು ಮಾಡಿ, ಮೇಣ ತಡೆಯುವುದಿಲ್ಲ ಎಂದು ನಾನು ಆ ಮಗನಿಗೆ ಹೇಳಿದೆ.

ಅಲ್ಲಿಂದ ಬರುವಾಗ ತಮ್ಮನ ಕಣ್ಣು ಒದ್ದೆಯಾಗಿತ್ತು. ಈಗ ಏನಾದರೂ ಹೇಳುತ್ತಾನೆ, ಆ ಮುದುಕಿಯ ಬಗ್ಗೆ, ಒಂದು ಮಾತು, ಎಂದು ನಾನು ಕಾದೆ. ನಮ್ಮ ಬಾಗಿಲ ಹತ್ತಿರ ಬಂದಾಗ ನಿಂತ.

“ಅಕ್ಕಾ, ಆ ಬುಧವಾರ ಒಂದ ದಿನಾ ತಡಕೊಂಡಿದ್ರ ಮುಗೀತಿತ್ತು ನೋಡು” ಎಂದ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಹೊರಗೆ ಎಷ್ಟು ಹೊತ್ತು ನಿಂತಿದ್ದನೋ ಗೊತ್ತಿಲ್ಲ.

ಅದಾದ ಮೇಲೆ ನಾವು ಒಂದೇ ಮನೆಯಲ್ಲಿ ಬೇರೆ ಬೇರೆ ಬದುಕಿದೆವು. ನನಗೆ ಮೇಲ್ಬೀದಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರ ಹತ್ತಿರ ಮೇಣದ ಕೆಲಸ ಸಿಕ್ಕಿತು. ಅವನನ್ನೂ ಕರೆದರು, ಅವನು ಹೋಗಲಿಲ್ಲ. ದಿನವಿಡೀ ಗೋಡೆಯ ಮೇಲೆ ಇದ್ದಿಲಿನಿಂದ ಹೊಳೆಯ ಗೆರೆ ಬರೆಯುತ್ತ ಕೂರುತ್ತಿದ್ದ. ಹೊಳೆ ಬಂದು ಅದನ್ನು ಅಳಿಸಿ ಹೋಗುತ್ತಿತ್ತು. ಮತ್ತೆ ಬರೆಯುತ್ತಿದ್ದ. ಒಂದು ದಿನ ನಾನು ಕೆಲಸದಿಂದ ಬಂದಾಗ ಕ್ಷೌರ ಮಾಡಿಸಿಕೊಂಡು, ದರ್ಜಿ ಹಿಂದೆ ಪುಕ್ಕಟೆ ಹೊಲಿದುಕೊಟ್ಟಿದ್ದ ಅಂಗಿ ಹಾಕಿಕೊಂಡಿದ್ದ.

“ರೇವಣಕರ ಸರ್ ಕರೆಸಿದ್ರು ಅಕ್ಕಾ. ಕ್ಲಾಸಿನ್ಯಾಗ ಪಾಠಾ ಮಾಡು ಅಂದ್ರು. ತಿಂಗಳಾ ತಿಂಗಳಾ ಪಗಾರ.”

“ನಿನಗ? ಎಲ್ಲಾ ಕಳಕೊಂಡವಗ?”

“ಅದಕ್ಕ ಕರದದ್ದು. ಅನುಭವ ಇದ್ದವ್ರು ಬೇಕಂತ.” ಆಮೇಲೆ ದನಿ ತಗ್ಗಿಸಿ, ದೊಡ್ಡ ಮನುಷ್ಯರ ದೊಡ್ಡತನ ಹೇಳುವ ಹಾಗೆ ಹೇಳಿದ, “ಗೊತ್ತೇನು, ಸರ್ ಈತನಕ ಒಂದ ಚೀಟೀನೂ ತಗೊಂಡಿಲ್ಲ, ಮಾರಿಲ್ಲ. ಎಂಥಾ ಶಿಸ್ತು ನೋಡು!”

ಒಂದು ಸಂಜೆ ಡಾಕ್ಟರ ಹತ್ತಿರ ಕೆಲಸ ಬೇಗ ಮುಗಿಯಿತು. ಡಿಪೋದ ಮುಂದೆ ಹಾದು ಹೋಗುವಾಗ ಅವನ ದನಿ ಕೇಳಿ ಬಾಗಿಲಲ್ಲಿ ನಿಂತೆ. ಬೆಂಚುಗಳು ತುಂಬಿ, ಜನ ಗೋಡೆಗೊರಗಿ ನಿಂತಿದ್ದರು. ಇಷ್ಟು ಚೆನ್ನಾಗಿ ಮಾತಾಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅವನು ಆ ವಾರದ ಕಥೆ ಹೇಳುತ್ತಿದ್ದ, ಬೇರೆ ಯಾರದೋ ಕಥೆ ಎನ್ನುವಂತೆ. ಸೋಮವಾರ ಏಳು, ಮಂಗಳವಾರ ಒಂಬತ್ತು, ಬುಧವಾರ ಹನ್ನೆರಡು. ಕೋಲು ಗೋಡೆಯ ಮೇಲಿನ ಚಿತ್ರದಲ್ಲಿ ಏರುತ್ತ ಹೋಯಿತು, ಜನ ಉಸಿರು ಹಿಡಿದರು. ಗುರುವಾರ ಆರು. ಕೋಲು ಧಡಕ್ಕನೆ ಕೆಳಗಿಳಿಯಿತು. ಅಯ್ಯೋ ಎಂದು ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು.

ಮುಂದಿನ ಬೆಂಚಿನಿಂದ ಯಾರೋ ಕೇಳಿದರು, “ಹಂಗಾದ್ರ ಸರ್, ಆ ಮನುಷ್ಯಾನ ಕಡೆ ಇನ್ನೊಂದಿಷ್ಟು ಮಾರ್ಜಿನ್ ಇದ್ದಿದ್ರ ಗೆಲ್ತಿದ್ನೇನ್ರಿ?”

“ಬಹಳ ಒಳ್ಳೆ ಪ್ರಶ್ನಾ ಕೇಳಿದ್ರಿ,” ಎಂದ ನನ್ನ ತಮ್ಮ. ಅವನ ಮುಖ ಬೆಳಗಿತು. “ಗೆಲ್ತಿದ್ದ. ಖಂಡಿತ ಗೆಲ್ತಿದ್ದ.”

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಜನ ಮನಸ್ಸಿನಲ್ಲೇ ತಮ್ಮ ತಮ್ಮ ಮನೆಯೊಳಗೆ ಹೋಗಿ, ಇನ್ನೊಂದಿಷ್ಟು ಎಲ್ಲಿ ಸಿಗಬಹುದು ಎಂದು ಹುಡುಕುತ್ತಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ, ಕೆಳಬೀದಿಯ ಕೆಸರು ಇನ್ನೂ ಕಾಲಿನಲ್ಲಿದ್ದ ಒಬ್ಬ ಹೆಂಗಸು ಬಾಗಿಲಿಗೆ ಒರಗಿ ನಿಂತಿದ್ದಳು. ಸೊಂಟದಲ್ಲಿ ಕೂಸು.

“ನೀವೂ ಸೇರಾಕ ಬಂದೀರೇನ್ರಿ?” ಎಂದಳು.

“ಇಲ್ಲವಾ. ಪಾಠಾ ಮಾಡಾಕತ್ತಾನಲ್ಲ, ಅವ ನನ್ನ ತಮ್ಮ.”

ಅವಳು ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡಿದಳು. “ಪುಣ್ಯವಂತ್ರು ಬಿಡ್ರಿ ನೀವು. ಮನ್ಯಾಗ ಇಂಥಾವ್ರು ಇದ್ರ ಇನ್ನೇನು ಬೇಕು?”

“ಹಂಗಲ್ಲವಾ, ಆ ಕಥಿ ಅವಂದ. ಜಾಗ ಹೋತು, ಕೆಲಸ ಹೋತು. ಎಲ್ಲಾ ಹೋಗೈತಿ ನಮ್ದು. ನೀ ಮನಿಗೆ ಹೋಗು” ಎಂದೆ. ಅವಳ ತೋಳು ಹಿಡಿದುಕೊಂಡೇ ಹೇಳಿದೆ.

ಅವಳು ಮೆಲ್ಲಗೆ ತೋಳು ಬಿಡಿಸಿಕೊಂಡಳು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಎಲ್ಲ ಗೊತ್ತಾದವಳಂತೆ ನಕ್ಕಳು.

“ಗಳಿಸಿದವ್ರು ಹಿಂಗ ಅಂತಾರ್ರಿ, ದೃಷ್ಟಿ ಆಗಬಾರ್ದು ಅಂತ” ಎಂದು ಹೇಳಿ, ಮುಂದಿನ ಬೆಂಚಿನಲ್ಲಿ ಯಾರೋ ಸರಿದು ಮಾಡಿಕೊಟ್ಟ ಜಾಗಕ್ಕೆ ಹೋಗಿ ಕೂತಳು.